ಶುಗರ್ ಇಲ್ಲದ ಹುಡುಗಿಗೆ ಶುಗರ್ ಮಾತ್ರೆ: ಮೆಟ್‌ಫಾರ್ಮಿನ್ 500, 14 ತಿಂಗಳು ಆದ್ಮೇಲೆ ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ತಿಪಟೂರಲ್ಲಿ ಒಂದು ಮೆಡಿಕಲ್ ಸ್ಟೋರ್ ಇಟ್ಕೊಂಡಿದೀನಿ, ಓದಿದ್ದು ಡಿ.ಫಾರ್ಮ, 19 ವರ್ಷದಿಂದ ಕೌಂಟರ್ ಹಿಂದೆ ನಿಂತಿರೋನು. ಮೊಬೈಲು, ಮಿಕ್ಸಿ, ದೋಸೆ ಹೋಟ್ಲು ಎಲ್ಲದಕ್ಕೂ ಜನ ರಿವ್ಯೂ ಬರೀತಾರೆ, ದಿನಾ ನುಂಗೋ ಮಾತ್ರೆಗೆ ಯಾರೂ ಬರಿಯಲ್ಲ, ಬರೆದ್ರೂ ಶುಗರ್ ಇರೋರು ಬರೀತಾರೆ. ನಮ್ಮನೇಲಿ ಇದನ್ನ ತಗೊಳ್ತಿರೋ ಹುಡುಗಿಗೆ ಶುಗರ್ ಇಲ್ಲ. ನಮ್ಮ ಅಕ್ಕನ ಮಗಳು, ಈಗ 17 ವರ್ಷ, ಅವಳಿಗೆ ಇರೋದು ಲಾಫೋರಾ ಅನ್ನೋ ಮೆದುಳಿನ ಕಾಯಿಲೆ, ಹೆಸರು ಕೇಳಿದ್ರೆ ಯಾವ್ದೋ ಹೊಸ ಬಿಸ್ಕೆಟ್ ಬ್ರ್ಯಾಂಡ್ ಇದ್ದಂಗಿದೆ ಅಂತ ನಾನೇ ಮೊದಲ ದಿನ ಅಂದ್ಕೊಂಡಿದ್ದೆ.

ಪ್ರಾಡಕ್ಟು ಯಾವ್ದು ಅಂದ್ರೆ ಮೆಟ್‌ಫಾರ್ಮಿನ್ 500, ಎಸ್‌ಆರ್ ಮಾತ್ರೆ, ಅಂದ್ರೆ ಹೊಟ್ಟೇಲಿ ನಿಧಾನಕ್ಕೆ ಬಿಡೋದು. ಕಂಪನಿ ಹೆಸರು ಹಾಕಲ್ಲ, ಹತ್ತಾರು ಕಂಪನಿ ಮಾಡ್ತವೆ, ಒಳಗಿರೋದು ಒಂದೇ. ನನ್ನ ಅಂಗಡೀಲಿ ಇದಕ್ಕೆ ಅಂತಲೇ ಕೈಗೆ ಎಟಕೋ ಮಧ್ಯದ ರ‍್ಯಾಕ್ ಇದೆ ಯಾಕಂದ್ರೆ ಬೆಳಗ್ಗೆ ಶಟರ್ ಎತ್ತಿದ ಅರ್ಧ ಗಂಟೇಲಿ ನಾಲ್ಕು ಜನ "ಶುಗರ್ ಮಾತ್ರೆ ಕೊಡಪ್ಪ, ಅದೇ ಬಿಳೀದು" ಅಂತ ಬರ್ತಾರೆ. ರೇಟು ಮಾತ್ರೆಗೆ ಎರಡು ರೂಪಾಯಿ ಆಚೀಚೆ. ಜನೌಷಧಿ ಅಂಗಡೀಲಿ ಇನ್ನೂ ಕಮ್ಮಿ, ನನ್ನ ವ್ಯಾಪಾರಕ್ಕೆ ಹೊಡೆತ ಆದ್ರೂ ನಿಜ ಹೇಳ್ಬೇಕಲ್ಲ.

ಕಾಯಿಲೆ ಕಥೆ ಸ್ವಲ್ಪ ಹೇಳ್ದೆ ಮಾತ್ರೆ ಬಗ್ಗೆ ಹೇಳೋಕೆ ಆಗಲ್ಲ.

ಹುಡುಗಿ ಹದಿನಾಲ್ಕರ ತನಕ ಸೂಪರ್ ಆಗಿದ್ಳು, ಗಣಿತದಲ್ಲಿ ಕ್ಲಾಸಿಗೇ ಫಸ್ಟು, ಸ್ಕೂಲ್ ಡೇ ಕೋಲಾಟದಲ್ಲಿ ಮುಂದಿನ ಸಾಲು. ಒಂಬತ್ತನೇ ಕ್ಲಾಸಲ್ಲಿ ಶುರುವಾಯ್ತು. ಬೆಳಗ್ಗೆ ಕಾಫಿ ಲೋಟ ಕೈಯಿಂದ ಹಾರಿ ಹೋಗೋದು, ಬೀಳೋದಲ್ಲ, ಹಾರೋದು, ಯಾರೋ ಮೊಣಕೈಗೆ ಹೊಡೆದಂಗೆ. ಕುಕ್ಕರ್ ವಿಷಲ್ ಆದ್ರೆ ಮೈಯೆಲ್ಲ ಝಾಡಿಸೋದು. ಆಮೇಲೆ ಒಂದಿನ ಪ್ರೇಯರ್‌ನಲ್ಲಿ ನಿಂತಿದ್ದೋಳು ಫಿಟ್ಸ್ ಬಂದು ಬಿದ್ಳು. ಗೋಡೆ ಮೇಲೆ ಬಣ್ಣದ ಲೈಟು ಓಡ್ತಾವೆ ಮಾಮ ಅಂತಿದ್ಳು, ಅದನ್ನ ಕೇಳಿ ನಮ್ಮಜ್ಜಿ ಗಾಳಿ ಸೋಕಿದೆ ಅಂದ್ರು, ತಾಯಿತ ಆಯ್ತು, ನಿಂಬೆಹಣ್ಣು ಆಯ್ತು. ಅದೂ ಒಂಥರಾ ಫಿಟ್ಸೇ, ಮೆದುಳಿನ ಹಿಂಭಾಗದಲ್ಲಿ, ನೋಟ ನೋಡಿಕೊಳ್ಳೋ ಜಾಗದಲ್ಲಿ ಆಗೋದು, ಈ ಕಾಯಿಲೇಲಿ ಕಾಮನ್ನು ಅಂತ ಗೊತ್ತಾಗೋಷ್ಟರಲ್ಲಿ ಒಂದೂವರೆ ವರ್ಷ ಹೋಗಿತ್ತು.

ಆ ಒಂದೂವರೆ ವರ್ಷದಲ್ಲಿ ಒಂದು ವಿಷಯ ನನ್ನನ್ನ ಈಗ್ಲೂ ಮಲಗೋಕೆ ಬಿಡಲ್ಲ. ಮೊದಲು ತೋರಿಸಿದ ಕಡೆ ಬರೆದಿದ್ದು ಕಾರ್ಬಮಜೆಪಿನ್. ಫಿಟ್ಸ್‌ಗೆ ಒಳ್ಳೆ ಮಾತ್ರೇನೇ, ಎಷ್ಟೋ ಜನ ಅದರಲ್ಲೇ ಆರಾಮಾಗಿದಾರೆ, ಆದ್ರೆ ಈ ಥರ ಝಾಡಿಸೋ ಫಿಟ್ಸ್‌ನ ಅದು ಜಾಸ್ತಿ ಮಾಡಬಹುದು. ಜಾಸ್ತಿ ಆಯ್ತು. ಕೊಟ್ಟಿದ್ದು ಯಾರು? ನಾನೇ, ನನ್ನ ಅಂಗಡಿಯಿಂದ, ನಮ್ಮ ಹುಡುಗಿ ಅಂತ ಬಿಲ್ ಕೂಡ ಹಾಕ್ದೆ, ಮೂರು ತಿಂಗಳು. ಡೋಸ್ ಏರಿಸಿದಾಗಲೂ ನಾನೇ ಸ್ಟ್ರಿಪ್ ಕತ್ತರಿಸಿ ಕೊಟ್ಟೆ. ಆಮೇಲೆ ಇನ್ನೊಬ್ರು ಇದು ಹದಿಹರೆಯದಲ್ಲಿ ಬರೋ ಮಾಮೂಲಿ ಮಯೋಕ್ಲೋನಿಕ್ ಎಪಿಲೆಪ್ಸಿ, ಅಂದ್ರೆ ಝಾಡಿಸೋ ಫಿಟ್ಸ್ ಅಂತ ವಾಲ್ಪ್ರೊಯೇಟ್ ಅನ್ನೋ ಫಿಟ್ಸ್ ಮಾತ್ರೆ ಕೊಟ್ರು, ನಾಲ್ಕೈದು ತಿಂಗಳು ಚೆನ್ನಾಗಿತ್ತು, ನಾವು ಮನೇಲಿ ಪಾಯಸ ಮಾಡಿದ್ವಿ. ಆದ್ರೆ ಮಾಮೂಲಿ ಕಾಯಿಲೇಲಿ ಮಗು ಮಗ್ಗಿ ಮರೆಯಲ್ಲ. ಇವಳು ಹನ್ನೆರಡರ ಮಗ್ಗೀಲಿ ಅರ್ಧಕ್ಕೆ ನಿಂತು ನನ್ನ ಮುಖ ನೋಡಿದ್ಳು. ಅವತ್ತು ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಳು.

ಬೆಂಗಳೂರಿಗೆ ಹೋದ್ವಿ. ಕಂಕುಳಿಂದ ಒಂದು ಚೂರು ಚರ್ಮ ತೆಗೆದ್ರು, ಬೆವರು ಗ್ರಂಥಿ ಇರುತ್ತಲ್ಲ ಅಲ್ಲಿಂದ. ಮೆದುಳಿನ ಕಾಯಿಲೆಗೆ ಕಂಕುಳು ಯಾಕೆ ಅಂತ ಭಾವ ಜಗಳಕ್ಕೇ ಹೋಗ್ಬಿಟ್ಟಿದ್ರು, ಆದ್ರೆ ಈ ಕಾಯಿಲೆ ಗುರುತು ಮೆದುಳಲ್ಲಷ್ಟೇ ಅಲ್ಲ, ಲಿವರ್, ಹೃದಯ, ಸ್ನಾಯು, ಬೆವರು ಗ್ರಂಥಿ ಎಲ್ಲಾ ಕಡೆ ಇರುತ್ತೆ, ಮೆದುಳು ಕೊರೆಯೋ ಬದ್ಲು ಕಂಕುಳು ಸುಲಭ. ಮೈಕ್ರೋಸ್ಕೋಪಲ್ಲಿ ಕಂಡಿದ್ದು ಲಾಫೋರಾ ಬಾಡಿ. ಗೊನ್ಸಾಲೊ ರೊಡ್ರಿಗೆಸ್ ಲಾಫೋರಾ ಅನ್ನೋ ಸ್ಪೇನಿನ ಡಾಕ್ಟರು 1911ರಲ್ಲಿ ಮೊದಲು ಕಂಡಿದ್ದು, ಅದಕ್ಕೇ ಆ ಹೆಸರು. ರಕ್ತದ ಜೀನ್ ಟೆಸ್ಟಲ್ಲೂ ಅದೇ ಬಂತು.

ಲಾಫೋರಾ ಬಾಡಿ ಅಂದ್ರೇನು ಅಂತ ಅಕ್ಕನಿಗೆ ನಾನು ಹೇಳಿದ್ದು ಹಿಂಗೆ. ಮುದ್ದೆ ತಿರುವೋವಾಗ ಕೋಲು ಸರಿಯಾಗಿ ಆಡ್ಲಿಲ್ಲ ಅಂದ್ರೆ ಗಂಟು ಆಗುತ್ತಲ್ಲ, ಆಮೇಲೆ ಎಷ್ಟು ನೀರು ಹಾಕಿದ್ರೂ ಆ ಗಂಟು ಕರಗಲ್ಲ, ಹಂಗೆ. ನಮ್ಮ ಮೈಯಿ ಸಕ್ಕರೇನ ಗ್ಲೈಕೋಜನ್ ಅಂತ ಕೂಡಿಟ್ಕೊಳುತ್ತೆ, ಅದು ನೀರಲ್ಲಿ ಕರಗೋ ಥರ ಪುಟ್ಟ ಪುಟ್ಟ ಕೊಂಬೆ ಇರೋ ಗೊಂಚಲು. ಲಾಫೊರಿನ್, ಮ್ಯಾಲಿನ್ ಅಂತ ಎರಡು ಪ್ರೋಟೀನು ಅದು ಕೆಡದಂಗೆ ನೋಡ್ಕೋತವೆ. ಎರಡರಲ್ಲಿ ಒಂದರ ಜೀನ್ ಕೆಟ್ರೂ ಕೊಂಬೆಗಳು ಉದ್ದುದ್ದ ಬೆಳೆದು ಒಂದಕ್ಕೊಂದು ಅಂಟ್ಕೊಂಡು ಗಂಟಾಗ್ತವೆ, ನರಕೋಶದೊಳಗೆ ಗಂಟು ಸೇರ್ತಾ ಹೋಗುತ್ತೆ. ಲಾಫೊರಿನ್ ಜೀನ್ ಸಿಕ್ಕಿದ್ದು 1998ರಲ್ಲಿ, ಮ್ಯಾಲಿನ್‌ದು 2003ರಲ್ಲಿ. ಅಕ್ಕ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ಳು, ಕೋಲು ಕೊಟ್ಟಿದ್ದು ಯಾರು ಅಂತ. ಇಬ್ರೂ ಕೊಟ್ಟಿದೀರ ಅಂದೆ.

ನಮ್ಮಕ್ಕ ಮದುವೆ ಆಗಿದ್ದು ನಮ್ಮ ಸೋದರಮಾವನ್ನೇ, ಅಮ್ಮನ ಕೊನೇ ತಮ್ಮ. ನನಗೆ ಅವರನ್ನ ಮಾವ ಅನ್ಬೇಕೋ ಭಾವ ಅನ್ಬೇಕೋ ಅಂತ ಇವತ್ತಿಗೂ ಗೊಂದಲ, ಮದುವೆ ಆದ್ಮೇಲೆ ಭಾವ ಅಂತಲೇ ರೂಢಿ ಆಯ್ತು. ಅಪ್ಪ ಅಮ್ಮ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಚಾನ್ಸು ಕಾಯಿಲೆ ಬರೋಕೆ, ಅಪ್ಪ ಅಮ್ಮನಿಗೆ ಏನೂ ಆಗಿರಲ್ಲ. ಹೊರಗಿಂದ ಸಂಬಂಧ ತಂದಿದ್ರೆ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಸೇರೋದು ಕಷ್ಟ, ಒಳಗೊಳಗೆ ಆದ್ರೆ ಸುಲಭ. ಅದಕ್ಕೇ ಸ್ಪೇನು, ಇಟಲಿ, ಉತ್ತರ ಆಫ್ರಿಕಾ, ಮತ್ತೆ ನಮ್ಮ ದಕ್ಷಿಣ ಭಾರತದಲ್ಲಿ ಇದು ಕಾಣ್ಸೋದು. ನಿಮ್ಹಾನ್ಸ್ ಡಾಕ್ಟರ್‌ಗಳು ದಕ್ಷಿಣ ಭಾರತದ ಲಾಫೋರಾ ಬಗ್ಗೆ 1993ರಲ್ಲೇ ಪೇಪರ್ ಬರೆದಿದ್ದಾರೆ, ಅಂದ್ರೆ ಇದು ನಮಗೆ ಹೊಸದಲ್ಲ, ನಮ್ಮೂರಿಗೆ ಸುದ್ದಿ ಬಂದಿರ್ಲಿಲ್ಲ ಅಷ್ಟೆ. ಇನ್ನೊಂದು ಕೇಳಿ, ಉದ್ದ ಮೈ ಗಿಡ್ಡ ಕಾಲಿನ ಡ್ಯಾಕ್ಸುಂಡ್ ಅಂತ ನಾಯಿ ಇದೆಯಲ್ಲ, ಅದರಲ್ಲಿ ಒರಟು ಕೂದಲಿನ ಪುಟ್ಟ ತಳಿಗೂ ಇದೇ ಲಾಫೋರಾ ಬರುತ್ತೆ, ಇಂಗ್ಲೆಂಡಲ್ಲಿ ಅವಕ್ಕೆ ಜೀನ್ ಟೆಸ್ಟ್ ಮಾಡ್ಸಿ ಆಮೇಲೆ ಜೋಡಿ ಮಾಡ್ತಾರಂತೆ. ನಾವು ಜಾತಕ ನೋಡಿದ್ವಿ. 36ಕ್ಕೆ 29 ಗುಣ ಕೂಡಿತ್ತು.

ಸರಿ, ಮಾತ್ರೆಗೆ ಬರ್ತೀನಿ.

ಡಾಕ್ಟರ್ ಮೇಡಮ್ಮು ಫಿಟ್ಸ್ ಮಾತ್ರೆ ಎಲ್ಲ ಬರೆದು ಕೊನೇಲಿ ಪೆನ್ನು ತಡೆದು, ಇನ್ನೊಂದಿದೆ, ಕೊಟ್ಟು ನೋಡಬಹುದು, ಆದ್ರೆ ಬಹಳ ನಿರೀಕ್ಷೆ ಇಟ್ಕೋಬೇಡಿ ಅಂದ್ರು. ಬರೆದಿದ್ದು ಓದಿದೆ, ಮೆಟ್‌ಫಾರ್ಮಿನ್. ನನಗೆ ನಗು ಬಂತು, ನಿಜವಾಗ್ಲೂ, ಆ ರೂಮಲ್ಲಿ ಕೂತು ನಕ್ಕೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಟ್ರೈನ್ ಹತ್ತಿ ಯಶವಂತಪುರದಲ್ಲಿ ಇಳಿದು ಆಟೋದವನ ಹತ್ರ ಜಗಳ ಆಡ್ಕೊಂಡು ಬಂದಿದ್ದು ನನ್ನ ಅಂಗಡಿ ಮಧ್ಯದ ರ‍್ಯಾಕಲ್ಲಿರೋ ಸರಕನ್ನ ಬರೆಸ್ಕೊಂಡು ಹೋಗೋಕಾ? ಅಕ್ಕ ನಾನು ನಕ್ಕಿದ್ದು ನೋಡಿ ಒಳ್ಳೆ ಸುದ್ದಿ ಅಂತ ತಿಳ್ಕೊಂಡ್ಳು, ಅದನ್ನ ಸರಿ ಮಾಡೋಕೆ ನನಗೆ ಒಂದು ವಾರ ಬೇಕಾಯ್ತು.

ಯಾಕೆ ಈ ಮಾತ್ರೆ ಅಂತ ಮನೆಗೆ ಬಂದು ಓದಿದೆ, ಗೊತ್ತಿರೋ ಡಾಕ್ಟರ್ ಹುಡುಗನ್ನೂ ಕೇಳ್ದೆ. ಸ್ಪೇನಿನ ಒಂದು ಗುಂಪು ಲಾಫೋರಾ ಇರೋ ಇಲಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟು ನೋಡಿ 2016ರಲ್ಲಿ ಬರೆದ್ರು, ಮೆದುಳಲ್ಲಿ ಗಂಟು ಕಮ್ಮಿ ಆಯ್ತು, ನರಕೋಶ ಸಾಯೋದೂ ಕಮ್ಮಿ ಆಯ್ತು ಅಂತ. ಜೀವಕೋಶದೊಳಗೆ ಎಎಂಪಿಕೆ ಅಂತ ಒಬ್ಬ ಮೇನೇಜರ್ ಇದಾನೆ, ಎನರ್ಜಿ ಲೆಕ್ಕ ನೋಡೋನು, ಮೆಟ್‌ಫಾರ್ಮಿನ್ ಅವನನ್ನ ಎಬ್ಬಿಸುತ್ತೆ, ಅವನು ಎದ್ರೆ ಸಕ್ಕರೆ ಕೂಡಿಡೋ ಕೆಲಸ ನಿಲ್ಲಿಸಿ ಕಸ ಹೊರಗೆ ಹಾಕೋ ಕೆಲಸ ಶುರು ಮಾಡಿಸ್ತಾನೆ. ಲೆಕ್ಕ ಕೂಡುತ್ತೆ, ಗ್ಲೈಕೋಜನ್ ಮಾಡೋ ಕಿಣ್ವಾನೇ ಕಿತ್ತು ಹಾಕಿದ ಇಲಿಗಳಲ್ಲಿ ಗಂಟೇ ಆಗ್ಲಿಲ್ಲ ಅಂತ ಬೇರೆ ಲ್ಯಾಬ್‌ನವರೂ ತೋರಿಸಿದಾರೆ. 2016ರ ಕೊನೇಲಿ ಯುರೋಪಿನ ಔಷಧ ಇಲಾಖೆ, ಮರುವರ್ಷ ಅಮೆರಿಕದ್ದು, ಲಾಫೋರಾಕ್ಕೆ ಮೆಟ್‌ಫಾರ್ಮಿನ್‌ನ ಆರ್ಫನ್ ಡ್ರಗ್ ಅಂತ ಗುರುತು ಮಾಡಿದ್ವು.

ಇಲ್ಲಿ ಸ್ವಲ್ಪ ನಿಲ್ಲಿ. ಆರ್ಫನ್ ಅಂತ ಗುರುತು ಮಾಡೋದು ಬೇರೆ, ಮಂಜೂರು ಮಾಡೋದು ಬೇರೆ. ಅಪರೂಪದ ಕಾಯಿಲೆ, ಯಾರೂ ಔಷಧಿ ಮಾಡಲ್ಲ, ಯಾರಾದ್ರೂ ಪ್ರಯತ್ನ ಮಾಡೋದಾದ್ರೆ ಸ್ವಲ್ಪ ರಿಯಾಯಿತಿ ಕೊಡ್ತೀವಿ ಅನ್ನೋ ಸೀಲು ಅದು. ಕೆಲಸ ಮಾಡುತ್ತೆ ಅನ್ನೋ ಸೀಲಲ್ಲ. ನಮ್ಮ ಭಾವ ಇದನ್ನ ಅಮೆರಿಕಾನೇ ಒಪ್ಕೊಂಡಿದೆಯಂತೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರು, ನಾನು ಬಾಯಿ ಮುಚ್ಕೊಂಡಿದ್ದೆ.

ಇನ್ನು ಮನುಷ್ಯರಿಗೆ ಕೊಟ್ಟಿದ್ದು. ಇಟಲೀಲಿ 12 ಜನ ಲಾಫೋರಾ ರೋಗಿಗಳಿಗೆ ಕೊಟ್ಟು 2019ರಲ್ಲಿ ವರದಿ ಮಾಡಿದ್ರು. ಬಹಳಷ್ಟು ಜನಕ್ಕೆ ಕಾಯಿಲೆ ಆಗ್ಲೇ ತುಂಬಾ ಮುಂದುವರಿದಿತ್ತು. ಒಂದಿಬ್ರು ಮೂವರಿಗೆ ಸ್ವಲ್ಪ ಅನುಕೂಲ ಆದಂಗೆ ಕಂಡಿದೆ, ಕಾಯಿಲೆ ನಿಂತಿಲ್ಲ. ಪಕ್ಕದಲ್ಲಿ ಔಷಧಿ ಇಲ್ಲದ ಬರೀ ಗುಳಿಗೆ ತಗೊಂಡೋರ ಗುಂಪೂ ಇರ್ಲಿಲ್ಲ ಹೋಲಿಸಿ ನೋಡೋಕೆ. ಇಷ್ಟೇ ಬಂಡವಾಳ, ಒಂದಷ್ಟು ಇಲಿ, 12 ಜನ.

ಈಗ ಬಳಸಿದ ಅನುಭವ. ಶುರುವಿಗೆ ರಾತ್ರಿ ಊಟ ಆದ್ಮೇಲೆ ಒಂದು, ಆಮೇಲೆ ನಿಧಾನಕ್ಕೆ ಎರಡು ಹೊತ್ತು. ಮೊದಲನೇ ಕಂಪ್ಲೇಂಟು ವಾಸನೆ. 19 ವರ್ಷ ಮಾರಿದೀನಿ, ಗಿರಾಕಿಗಳು ಒಂದಿಬ್ರು ಹೇಳಿದ್ರು ಕೂಡ, ನಾನು ತಲೆಗೆ ಹಾಕ್ಕೊಂಡಿರ್ಲಿಲ್ಲ. ಹೊಸ ಡಬ್ಬ ತೆಗೆದ್ರೆ ಮೀನಿನ ವಾಸನೆ. ನಮ್ಮದು ಮೊಟ್ಟೇನೂ ತರದ ಮನೆ, ಇವಳು ಮಾತ್ರೆ ಮೂಗಿನ ಹತ್ರ ಹಿಡಿದು, ಮಾಮ, ಇದು ಬಸ್ ಸ್ಟ್ಯಾಂಡ್ ಹಿಂದಿನ ಮೀನಂಗಡಿ ವಾಸನೆ, ನಾನು ತಿನ್ನಲ್ಲ ಅಂತ ಹಟ ಹಿಡಿದ್ಳು. ಅದು ಕೆಟ್ಟಿರೋದಲ್ಲ, ಆ ಕೆಮಿಕಲ್ ಸ್ವಭಾವಾನೇ ಹಂಗೆ, ಸ್ಟ್ರಿಪ್‌ಗಿಂತ ಡಬ್ಬದಲ್ಲಿ ಬರೋದ್ರಲ್ಲಿ ಜಾಸ್ತಿ ಹೊಡೆಯುತ್ತೆ. ಎಸ್‌ಆರ್‌ದು ಕೋಟಿಂಗ್ ಇರೋದಕ್ಕೆ ಸ್ವಲ್ಪ ವಾಸಿ, ಆದ್ರೆ ಸೈಜು ಹುಣಸೆ ಬೀಜದಷ್ಟು. ನಾವು ಕಂಡುಕೊಂಡ ದಾರಿ ಮುದ್ದೆ. ಮುದ್ದೆ ಅಗಿಯೋದಲ್ಲ, ನುಂಗೋದು, ಅದು ನಮ್ಮ ಸೀಮೆ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಬಿಸಿ ಸಾರಲ್ಲಿ ಅದ್ದಿದ ತುತ್ತಿನ ಒಳಗೆ ಮಾತ್ರೆ ಇಟ್ರೆ ಸುಯ್ಯಂತ ಹೋಗುತ್ತೆ. ಕಂಪನಿ ಚೀಟೀಲಿ ಈ ಟಿಪ್ ಇಲ್ಲ.

ಎರಡನೇದು ಹೊಟ್ಟೆ. ಮೊದಲ ಎರಡು ವಾರ ಲೂಸ್ ಮೋಷನ್ನು, ಹೊಟ್ಟೆ ತೊಳಸು. ಶುಗರ್ ಇರೋರಿಗೂ ಇದು ಆಗುತ್ತೆ, ಮೂರನೇ ವಾರಕ್ಕೆ ಸರಿ ಹೋಗುತ್ತೆ ಅಂತ ನಾನು ದಿನಕ್ಕೆ ಹತ್ತು ಜನಕ್ಕೆ ಹೇಳೋನು. ಆದ್ರೆ ಫಿಟ್ಸ್ ಇರೋ ಮಗುವಿಗೆ ಭೇದಿ ಆದ್ರೆ ಫಿಟ್ಸ್ ಮಾತ್ರೆ ಮೈಗೆ ಸರಿಯಾಗಿ ಹತ್ತಿದ್ಯೋ ಇಲ್ವೋ ಅನ್ನೋ ಭಯ ಬೇರೆ. ಮೂರು ಕೆಜಿ ಇಳಿದ್ಳು. ದಪ್ಪ ಇರೋ ಗಿರಾಕಿಗೆ ಇದು ಪ್ಲಸ್ ಪಾಯಿಂಟು, ಅಕ್ಕನಿಗೆ ಮಗಳ ಕೈ ಬಳೆ ಮೇಲಕ್ಕೆ ಜಾರೋದು ನೋಡಿದ್ರೆ ಆಗಲ್ಲ. ಎಸ್‌ಆರ್ ಮಾತ್ರೆ ಖಾಲಿ ಚಿಪ್ಪು ಕೆಲವು ಸಲ ಹಂಗೇ ಮಲದಲ್ಲಿ ಹೊರಗೆ ಬರುತ್ತೆ, ಅದನ್ನ ನೋಡಿ ಮಾತ್ರೆ ಕರಗೇ ಇಲ್ಲ ಅಂತ ಭಾವ ಅಂಗಡಿಗೆ ಓಡಿ ಬಂದಿದ್ರು, ಗಾಬರಿ ಬೇಡ, ಒಳಗಿನ ಔಷಧಿ ಹೋಗಿರುತ್ತೆ.

ಶುಗರ್ ಇಲ್ಲದೋರಿಗೆ ಶುಗರ್ ಮಾತ್ರೆ ಕೊಟ್ರೆ ಶುಗರ್ ಲೋ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಮೆಟ್‌ಫಾರ್ಮಿನ್ ಒಂದೇ ಆದ್ರೆ ಸಾಮಾನ್ಯವಾಗಿ ಹಂಗೆ ಆಗಲ್ಲ, ಇದು ಇನ್ಸುಲಿನ್ ಜಾಸ್ತಿ ಮಾಡೋ ಜಾತಿ ಅಲ್ಲ, ಲಿವರ್ ಸಕ್ಕರೆ ಬಿಡೋದನ್ನ ತಡೆಯೋದು. ನಾನು ಆದ್ರೂ ಮೊದಲ ತಿಂಗಳು ಅವಳ ಬೆರಳು ಚುಚ್ಚಿ ಚುಚ್ಚಿ ನೋಡ್ದೆ, ಒಂದ್ಸಲವೂ ಲೋ ಬರ್ಲಿಲ್ಲ. ಕಿಡ್ನಿ ಟೆಸ್ಟು ಮಾತ್ರ ಬಿಡಬಾರದು. ಬಿ12 ಕಮ್ಮಿ ಆಗುತ್ತೆ ವರ್ಷಗಟ್ಟಲೆ ತಗೊಂಡ್ರೆ, ನಮ್ಮಂಥ ಸೊಪ್ಪು ಸಾರಿನ ಮನೇಲಿ ಮೊದಲೇ ಕಮ್ಮಿ ಇರುತ್ತೆ, ಅದನ್ನೂ ನೋಡಿಸ್ತಿರಿ, ಬಿ12 ಕಮ್ಮಿ ಆದ್ರೂ ನರಕ್ಕೇ ಏಟು. ಇನ್ನೊಂದು, ಇದನ್ನ ಅಂಗಡಿಯವನಾಗಿ ಹೇಳ್ತೀನಿ, ಫಿಟ್ಸ್‌ಗೆ ಟೋಪಿರಮೇಟ್ ಅಥವಾ ಜೋನಿಸಮೈಡ್ ತಗೊಳ್ತಿದ್ರೆ ಮೆಟ್‌ಫಾರ್ಮಿನ್ ಜೊತೆ ಸೇರಿ ರಕ್ತದಲ್ಲಿ ಆಸಿಡ್ ಏರೋ ರಿಸ್ಕ್ ಇದೆ, ಲಾಫೋರಾಕ್ಕೆ ಆ ಎರಡೂ ಕೊಡ್ತಾರೆ, ಹಾಗಾಗಿ ಎಲ್ಲಾ ಚೀಟೀನೂ ಒಬ್ಬರೇ ಡಾಕ್ಟರ್ ಮುಂದೆ ಇಡಿ. ಒಂದು ಚೀಟಿ ಇಲ್ಲಿ ಇನ್ನೊಂದು ಅಲ್ಲಿ ಇದ್ರೆ ಯಾರಿಗೂ ಗೊತ್ತಾಗಲ್ಲ.

ಕೆಲಸ ಮಾಡ್ತಾ? ಇದಕ್ಕೇ ತಾನೆ ನೀವು ಇಲ್ಲಿವರೆಗೂ ಓದಿದ್ದು.

ನಾನು ಹಳೇ ಡೈರೀಲಿ ದಿನಾ ಬರೆದಿಟ್ಟಿದೀನಿ. ಮಾತ್ರೆ ಶುರು ಮಾಡೋ ಹಿಂದಿನ ತಿಂಗಳು ದೊಡ್ಡ ಫಿಟ್ಸ್ ಆರು. ಶುರು ಮಾಡಿದ ಎರಡನೇ ತಿಂಗಳು ಮೂರು, ಮೂರನೇ ತಿಂಗಳು ಎರಡು. ಝಾಡಿಸೋದೂ ಕಮ್ಮಿ ಆಯ್ತು, ಲೋಟ ತಾನೇ ಹಿಡ್ಕೊಂಡು ಕಾಫಿ ಕುಡಿದ್ಳು, ಅರ್ಧ ಲೋಟ. ಅಕ್ಕನ ಪ್ರಕಾರ ಇದು ಶುಗರ್ ಮಾತ್ರೆ ಮಹಿಮೆ. ಭಾವನ ಪ್ರಕಾರ ಅವರು ಹೊತ್ಕೊಂಡ ಹರಕೆ. ಡಾಕ್ಟರ್ ಮೇಡಮ್ಮು ಏನೂ ಅನ್ನದೆ ಡೈರೀಲಿ ಒಂದು ತಾರೀಕಿನ ಮೇಲೆ ಬೆರಳಿಟ್ರು. ಮೆಟ್‌ಫಾರ್ಮಿನ್ ಶುರು ಮಾಡೋ 3 ವಾರ ಮುಂಚೆ ಪೆರಾಂಪನೆಲ್ ಅಂತ ಹೊಸ ಫಿಟ್ಸ್ ಮಾತ್ರೆ ಶುರು ಮಾಡಿದ್ರು, ಈ ಕಾಯಿಲೆಯ ಝಾಡಿಸೋದಕ್ಕೆ ಅದು ಎಷ್ಟೋ ಜನಕ್ಕೆ ಅನುಕೂಲ ಆಗಿದೆ. ಅದರ ರೇಟು ಮೆಟ್‌ಫಾರ್ಮಿನ್‌ಗೆ ಹೋಲಿಸಿದ್ರೆ ಎಲ್ಲೋ ಇದೆ. ಹಂಗಾದ್ರೆ ಮಾರ್ಕ್ಸ್ ಯಾರಿಗೆ ಕೊಡೋದು? ನನ್ನ ಕಸುಬಲ್ಲಿ ಇದು ದಿನಾ ನೋಡೋದೇ, ಒಂದು ಚೀಟೀಲಿ ಐದು ಮಾತ್ರೆ, ಜ್ವರ ಬಿಡ್ತು, ಗಿರಾಕಿ ಬಂದು ಆ ಕೆಂಪು ಮಾತ್ರೆ ಬಹಳ ಚೆನ್ನಾಗಿದೆ ಕಣಪ್ಪ ಅಂತಾನೆ. ಕೆಂಪದು ಬಿ ಕಾಂಪ್ಲೆಕ್ಸು.

ಎಂಟನೇ ತಿಂಗಳಿಂದ ಮತ್ತೆ ಏರಿತು. ಈಗ ತಿಂಗಳಿಗೆ ನಾಲ್ಕು. ನಡಿಗೆ ತೂರಾಡುತ್ತೆ, ಗೋಡೆ ಹಿಡೀಬೇಕು. ಮಾತು ನಿಧಾನ ಆಗಿದೆ, ಹೆಸರು ಮರೀತಾಳೆ ಆದ್ರೆ ನಗ್ತಾಳೆ. ಮೆಟ್‌ಫಾರ್ಮಿನ್ ಕೊಡದೇ ಇದ್ದಿದ್ರೆ ಇಷ್ಟೊತ್ತಿಗೆ ಇನ್ನೂ ಕೆಟ್ಟಿರ್ತಿತ್ತಾ, ಇಷ್ಟೇ ಇರ್ತಿತ್ತಾ? ಅದನ್ನ ನೋಡೋಕೆ ಮಾತ್ರೆ ತಗೊಳ್ದೇ ಇರೋ ಇನ್ನೊಬ್ಬ ಇವಳು ಬೇಕು. ಇರೋದು ಒಬ್ಳೇ.

ಇದನ್ನ ಸರಿಯಾಗಿ ಪರೀಕ್ಷೆ ಮಾಡ್ಬೇಕು ಅಂತ ನಾನು ಯಾಕೆ ಹಟ ಹಿಡೀತೀನಿ ಅಂದ್ರೆ, ಕೈಕಾಲು ನಡುಗೋ ಪಾರ್ಕಿನ್ಸನ್ ಕಾಯಿಲೆ ಕಥೆ ನೋಡಿ. ಎಕ್ಸೆನಟೈಡ್ ಅಂತ ಇನ್ನೊಂದು ಶುಗರ್ ಔಷಧಿ, ಇಂಜೆಕ್ಷನ್ನು, ಅಮೆರಿಕದ ಗಿಲಾ ಅನ್ನೋ ವಿಷದ ಹಲ್ಲಿ ಜೊಲ್ಲಲ್ಲಿ ಸಿಕ್ಕಿದ ವಸ್ತು ನೋಡಿ ಮಾಡಿದ್ದು. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನವರು ಅದನ್ನ 62 ಜನ ಪಾರ್ಕಿನ್ಸನ್ ರೋಗಿಗಳ ಮೇಲೆ ಪ್ಲಸೀಬೋ, ಅಂದ್ರೆ ಹೋಲಿಸೋಕೆ ಔಷಧಿ ಇಲ್ಲದ ಇಂಜೆಕ್ಷನ್ನೂ ಇಟ್ಟು ನೋಡಿದ್ರು, 2017ರಲ್ಲಿ ಫಲಿತಾಂಶ ಬಂತು, ಕೈಕಾಲು ಓಡಾಟ ಔಷಧಿ ತಗೊಂಡೋರಲ್ಲಿ ವಾಸಿ ಇತ್ತು, ಎಲ್ಲರೂ ಕುಣಿದಾಡಿದ್ರು. ಆಮೇಲೆ ಅವರೇ 194 ಜನರ ಮೇಲೆ 96 ವಾರ ನೋಡಿ 2025ರಲ್ಲಿ ಹೇಳಿದ್ರು, ಇಲ್ಲ, ವ್ಯತ್ಯಾಸ ಇಲ್ಲ. ತಾವೇ ಹಚ್ಚಿದ ಆಸೇನ ತಾವೇ ಆರಿಸಿದ್ರು, ಅದಕ್ಕೆ ನಾನು ಕೈ ಮುಗೀತೀನಿ. ಪ್ಲಸೀಬೋ ಇಟ್ಟು 62 ಜನರಲ್ಲಿ ಕಂಡಿದ್ದೇ ಹಿಂಗೆ ಕೈ ಕೊಡುತ್ತೆ ಅಂದ್ಮೇಲೆ, ನನ್ನ ಡೈರಿ ಏನು ಲೆಕ್ಕ.

ಆದ್ರೆ ಪಾರ್ಕಿನ್ಸನ್ ಜನ ಲಕ್ಷಗಟ್ಟಲೆ ಇದಾರೆ, ಲಾಫೋರಾ ಮಕ್ಕಳನ್ನ ಎಲ್ಲಿಂದ ಒಟ್ಟು ಮಾಡೋದು? ಒಬ್ಬೊಬ್ರು ಒಂದೊಂದು ಹಂತದಲ್ಲಿರ್ತಾರೆ. ಮತ್ತೆ ದುಡ್ಡು ಯಾರು ಹಾಕ್ತಾರೆ? 1957ರಲ್ಲಿ ಪ್ಯಾರಿಸ್ಸಲ್ಲಿ ಸ್ಟರ್ನ್ ಅನ್ನೋ ಡಾಕ್ಟರು ಶುಗರ್‌ಗೆ ಕೊಟ್ಟು ತೋರಿಸಿದ ಹಳೇ ಮಾತ್ರೆ, ಪೇಟೆಂಟ್ ಇಲ್ಲ, ಎರಡು ರೂಪಾಯಿ. ನನ್ನಂಗಡಿಗೆ ಬರೋ ಯಾವ ಔಷಧಿ ಕಂಪನಿ ರೆಪ್ಪೂ ಇದರ ಬಗ್ಗೆ ಮಾತಾಡಲ್ಲ, ಹೊಸ ಶುಗರ್ ಇಂಜೆಕ್ಷನ್ ಬಗ್ಗೆ ಮಾತಾಡ್ತಾನೆ, ಪೆನ್ನು ಕೊಟ್ಟು ಹೋಗ್ತಾನೆ. ಅಗ್ಗ ಇರೋದ್ರಿಂದ ನಮ್ಮಂಥೋರ ಕೈಗೆ ಸಿಕ್ತು, ಅಗ್ಗ ಇರೋದ್ರಿಂದ್ಲೇ ಇದರ ಹಿಂದೆ ಯಾರೂ ಓಡಲ್ಲ. ಅಮೆರಿಕದ ಡಲ್ಲಾಸಲ್ಲಿ, ಲಾಫೊರಿನ್ ಜೀನ್ ಹುಡುಕಿದ ಮಿನಾಸಿಯನ್ ಅವರೇ ಇರೋ ಕಡೆ, ಗ್ಲೈಕೋಜನ್ ಮಾಡೋದನ್ನೇ ಕಮ್ಮಿ ಮಾಡೋಕೆ ಬೆನ್ನುಹುರಿ ನೀರಿಗೆ ಕೊಡೋ ಇಂಜೆಕ್ಷನ್ ಪರೀಕ್ಷೆ ಶುರುವಾಗಿದೆ, ನಮ್ಮ ಕಣ್ಣೆಲ್ಲ ಅದರ ಮೇಲೆ. ತಿಪಟೂರಿಂದ ಡಲ್ಲಾಸ್ ದೂರ.

ಒಂದು ವಿಷಯ ಬರೀಲೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡ್ದೆ. ಸ್ಪೇನಿನ ಗುಂಪು ಆಮೇಲೆ ಇನ್ನೊಂದು ನೋಡಿದ್ರು, ಇಲಿಗಳಿಗೆ ಮೆಟ್‌ಫಾರ್ಮಿನ್ ತಡವಾಗಿ ಕೊಡೋದಕ್ಕಿಂತ ತೀರಾ ಮೊದಲೇ ಶುರು ಮಾಡಿದ್ರೆ ಜಾಸ್ತಿ ಅನುಕೂಲ ಅಂತ. ನಾನು ಬಾಯಿ ತಪ್ಪಿ ಇದನ್ನ ಅಕ್ಕನ ಮುಂದೆ ಹೇಳ್ಬಿಟ್ಟೆ. ಅಕ್ಕನಿಗೆ ಇನ್ನೊಬ್ಬ ಮಗ ಇದಾನೆ, 9 ವರ್ಷ, ಸೈಕಲ್ ಹೊಡ್ಕೊಂಡು ಓಡಾಡೋನು. ಅವನ ಕೈಯಿಂದ ಲೋಟ ಬಿದ್ರೆ ಮನೆ ಮನೆಯೇ ಸ್ತಬ್ಧ ಆಗುತ್ತೆ. ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿಗೆ ಬಂದ್ಳು, ಕೌಂಟರ್ ಮೇಲೆ ಕೈಯಿಟ್ಟು, ಪುಟ್ಟನಿಗೂ ಈಗ್ಲಿಂದ್ಲೇ ಒಂದೊಂದು ಕೊಡೋಣ್ವೇನೋ, ಯಾರಿಗೂ ಹೇಳೋದು ಬೇಡ, ಎರಡು ರೂಪಾಯಿ ಮಾತ್ರೆ ತಾನೆ ಅಂದ್ಳು. ಮಧ್ಯದ ರ‍್ಯಾಕು ನನ್ನ ಬೆನ್ನ ಹಿಂದೇನೇ ಇತ್ತು. ನಾನು ಕೊಡ್ಲಿಲ್ಲ. ಅವನಿಗೆ ಕಾಯಿಲೆ ಇಲ್ಲದೇ ಇರೋ ಚಾನ್ಸು ನಾಲ್ಕರಲ್ಲಿ ಮೂರು ಕಣೆ, ಇಲಿಗೆ ಆಗಿದ್ದು ಮನುಷ್ಯನಿಗೆ ಆಗುತ್ತೆ ಅಂತ ಇಲ್ಲ, ಬೆಳೆಯೋ ಹುಡುಗ, ಡಾಕ್ಟರ್‌ನ ಕೇಳೋಣ ಅಂದೆ. ಕಾರ್ಬಮಜೆಪಿನ್ ಕೊಡೋವಾಗ ಇಷ್ಟೆಲ್ಲ ಯೋಚನೆ ಮಾಡಿದ್ಯಾ ಅಂತ ಕೇಳಿ ಹೊರಟೋದ್ಳು. ನಾಲ್ಕು ದಿನ ಮಾತಾಡ್ಲಿಲ್ಲ. ಮೇಡಮ್ಮೂ ನಾನು ಹೇಳಿದ್ದೇ ಹೇಳಿದ್ರು, ಟೆಸ್ಟ್ ಮಾಡಿಸ್ದೆ ಏನೂ ಕೊಡಬೇಡಿ, ಟೆಸ್ಟ್ ಮಾಡಿಸೋ ಮುಂಚೆ ಕೌನ್ಸೆಲಿಂಗಿಗೆ ಬನ್ನಿ, ಕಾಯಿಲೆ ಇದೆ ಅಂತ ಬಂದ್ರೆ ಆ ವಿಷಯ ಇಟ್ಕೊಂಡು ಹೆಂಗೆ ಬದುಕ್ತೀರ ಅಂತ ಮೊದಲು ಯೋಚನೆ ಮಾಡಿ ಅಂತ. ಮನೇಲಿ ಇನ್ನೂ ತೀರ್ಮಾನ ಆಗಿಲ್ಲ. ಇದನ್ನ ಇಲ್ಲಿ ಯಾಕೆ ಬರೆದೆ ಅಂದ್ರೆ, ರಿವ್ಯೂ ಓದಿ ಯಾರಾದ್ರೂ ಪಕ್ಕದ ಮೆಡಿಕಲ್‌ಗೆ ಹೋಗಿ ಮೆಟ್‌ಫಾರ್ಮಿನ್ ತಂದು ತಾವೇ ಶುರು ಮಾಡ್ಕೋಬಾರದು. ಚೀಟಿ ಇಲ್ದೆ ಕೇಳಿದ್ರೆ ನಾನಂತೂ ಕೊಡಲ್ಲ.

ಸ್ಟಾರ್ ಕೊಡ್ಬೇಕಲ್ಲ. ಶುಗರ್ ಮಾತ್ರೆಯಾಗಿ ಐದಕ್ಕೆ ಐದು, ಎರಡು ಮಾತಿಲ್ಲ. ರೇಟಿಗೆ ಐದು. ಎಲ್ಲಾ ಊರಲ್ಲೂ ಸಿಗುತ್ತೆ, ಲಾಕ್‌ಡೌನಲ್ಲೂ ನನ್ನ ಸ್ಟಾಕಿಸ್ಟು ಇದೊಂದನ್ನ ಇಲ್ಲ ಅಂದಿರ್ಲಿಲ್ಲ, ಐದು. ವಾಸನೆಗೆ ಒಂದು. ಲಾಫೋರಾಕ್ಕೆ ಎರಡೂವರೆ, ಅದರಲ್ಲಿ ಎರಡು ಆ ಸ್ಪೇನಿನ ಇಲಿಗಳದ್ದು, ಅರ್ಧ ನಮ್ಮ ಹುಡುಗಿ ಕುಡಿದ ಅರ್ಧ ಲೋಟ ಕಾಫೀದು, ಅದು ಪೆರಾಂಪನೆಲ್ ಖಾತೆಗೆ ಹೋಗಬೇಕಾದ್ದೇನೋ ಆದ್ರೂ ಇರ್ಲಿ. ಅಕ್ಕನ್ನ ಕೇಳಿದ್ರೆ ಐದು ಕೊಡ್ತಾಳೆ. ಮುಂದಿನ ತಿಂಗಳೂ ಕೊಡ್ತೀವಾ? ಕೊಡ್ತೀವಿ, ಕಿಡ್ನಿ ರಿಪೋರ್ಟ್ ಸರಿ ಇರೋವರೆಗೂ, ಮೇಡಮ್ಮು ನಿಲ್ಲಿಸಿ ಅನ್ನೋವರೆಗೂ.

ಒಂದು ಅಪ್‌ಡೇಟು. ಹೋದ ವಾರದಿಂದ ನುಂಗೋದು ಕಷ್ಟ ಆಗ್ತಿದೆ, ಮುದ್ದೆ ತುತ್ತು ಗಂಟಲಲ್ಲಿ ನಿಂತು ಕೆಮ್ಮು ಬಂದು ಎಲ್ಲರ ಜೀವ ಬಾಯಿಗೆ ಬಂತು, ಅವತ್ತಿಂದ ಮುದ್ದೆ ಬಂದ್. ಎಸ್‌ಆರ್ ಮಾತ್ರೆ ಪುಡಿ ಮಾಡಂಗಿಲ್ಲ, ಮಾಡಿದ್ರೆ ಒಂದೇ ಸಲಕ್ಕೆ ಎಲ್ಲಾ ಔಷಧಿ ಬಿಟ್ಬಿಡುತ್ತೆ, ಹಾಗಾಗಿ ಮೇಡಮ್ಮಿಗೆ ಫೋನ್ ಮಾಡಿ ಕೇಳಿ ಪ್ಲೇನ್ ಮಾತ್ರೆಗೆ ಬಂದಿದೀವಿ. ಅದನ್ನ ಕುಟ್ಟಿ ಗಟ್ಟಿ ರಾಗಿ ಗಂಜೀಲಿ ಕಲಸಿ ಚಮಚದಲ್ಲಿ ಕೊಡೋದು. ಕುಟ್ಟಿದ ತಕ್ಷಣ ಅಡುಗೆಮನೆ ಪೂರ್ತಿ ಆ ವಾಸನೆ. ನಿನ್ನೆ ರಾತ್ರಿ ಅಕ್ಕ ಚಮಚ ಬಾಯಿ ಹತ್ರ ತಂದ್ರೆ ಇವಳು ಮುಖ ಆ ಕಡೆ ತಿರುಗಿಸಿ, ಕೈಯೆತ್ತಿ, ಕೈ ಎರಡು ಸಲ ಝಾಡಿಸಿ ತಪ್ಪಿ ಮೂರನೇ ಸಲಕ್ಕೆ ಮೂಗು ಮುಚ್ಕೊಂಡ್ಳು. ಮೀನು, ಅಂದ್ಳು. ಎರಡು ದಿನ ಆಗಿತ್ತು ಒಂದು ಮಾತಾಡಿ. ಅಕ್ಕ ಚಮಚ ಕೆಳಗಿಟ್ಟು, ಕೇಳಿಸ್ತೇನೋ, ವಾಸನೆ ಗೊತ್ತಾಗ್ತಿದೆ ಕಣೋ ಇವಳಿಗೆ ಅಂತ ನನ್ನ ಭುಜ ಹಿಡಿದು ಅಲ್ಲಾಡಿಸಿದ್ಳು, ಆಮೇಲೆ ಅದೇ ಚಮಚ ಮತ್ತೆ ತಗೊಂಡ್ಳು.